ಎರಡು ಹೂಗಳ ಬಾವುಟ

ಮಿರ್ತಾ,

ಸರೋವರದ ಮೇಲಿನ ದಿಬ್ಬದಿಂದ ನಿನ್ನ ಅತ್ತೆ ಬೆನಿತಾ ಬರೆಯುತ್ತಿರುವುದು. ಆ ಬಿಸಿಲಿನ ಬಯಲಿನಲ್ಲಿ ನೀನೂ ಮೊಮ್ಮಗಳು ನಾಯ್ರಾಳೂ ತಂಪಾಗಿದ್ದೀರಿ ಎಂದುಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ, ಅದರ ಪುರಾಣ ಈಗ ಬೇಡ. ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ಮಾತಿನ ನಡುವೆಯೇ ಕಟ್ಟಾಯಿತಲ್ಲ, ಬೆಟ್ಟದ ಗಾಳಿಗೆ ಸಿಗ್ನಲ್ ಹೋಗಿರಬೇಕು ಎಂದು ನೀನು ಅಂದುಕೊಂಡಿರುತ್ತೀ. ಗಾಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಾನೇ ಇಟ್ಟೆ. ಫೋನು ಕೈಗೆ ಬಂದರೆ ನನಗೆ ಸಿಟ್ಟು ಬಿಟ್ಟು ಬೇರೇನೂ ಬರುವುದಿಲ್ಲ. ಸೂಜಿಯೋ ಪೆನ್ನೋ ಕೈಯಲ್ಲಿದ್ದರೆ ಸ್ವಲ್ಪ ನಿಧಾನವಾಗುತ್ತೇನೆ. ಅದಕ್ಕೇ ಈ ಕಾಗದ.

ನೀನು ಹೇಳಿದ್ದು ಒಂದೊಂದು ಅಕ್ಷರವೂ ಕಿವಿಯಲ್ಲಿದೆ. "ಅತ್ತೆ, ಎದ್ವಿನ್ ತೀರಿಹೋಗಿ ಇದು ಮೂರನೇ ಸತ್ತವರ ಹಬ್ಬ. ಈ ಸಲ ಅವರ ಎಡೆಯ ಮೇಜು ಇಲ್ಲೇ ಹಾಕೋಣ ಅಂತಿದೀನಿ. ನೀವು ಇಳಿದು ಬಂದು ನನ್ನ ಕಪ್ಪು ತೆಗೀಬೇಕು." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ತಡೆದುಕೊಳ್ಳುತ್ತಿದ್ದೆನೋ ಏನೋ. ನೀನು ಒಂದು ಉಸಿರು ಎಳೆದುಕೊಂಡೆ. "ಇನ್ನೊಂದು ವಿಷ್ಯ. ಅರ್ನಾಲ್ದೋ ಅಂತ. ಕಬ್ಬಿನ ಲಾರಿ ಓಡಿಸ್ತಾರೆ. ನನ್ನನ್ನ ಮದುವೆಗೆ ಕೇಳಿದಾರೆ. ಕಪ್ಪು ತೆಗೆದ ಮೇಲೆ ಉತ್ತರ ಹೇಳ್ತೀನಿ ಅಂದಿದೀನಿ." ಅಲ್ಲಿಗೆ ನಾನು ಫೋನು ಕೆಳಗಿಟ್ಟೆ.

ಕಪ್ಪು ಎಂದರೆ ಏನು ಎಂದು ನಿನಗೆ ಹೇಳಿಕೊಟ್ಟವಳು ನಾನೇ. ನಿಮ್ಮ ಬಯಲಿನಲ್ಲಿ ಹೆಂಗಸರು ಸಾವಿನ ಕಪ್ಪು ಬಟ್ಟೆಯನ್ನು ಒಂದಷ್ಟು ದಿನ ಉಟ್ಟು, ಸಾಕೆನಿಸಿದಾಗ ತಾವೇ ಕಳಚಿ ಪೆಟ್ಟಿಗೆಗೆ ಹಾಕುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ತಾನು ತೊಟ್ಟ ಕಪ್ಪನ್ನು ತಾನೇ ತೆಗೆಯುವಂತಿಲ್ಲ. ಸತ್ತವನ ಮನೆಯವರು, ಅವನನ್ನು ಪ್ರೀತಿಸಿದವರು, ಎಲ್ಲರ ಎದುರಿಗೆ ತೆಗೆಯಬೇಕು. ತೆಗೆದು, ಬಣ್ಣದ್ದು ತೊಡಿಸಿ, ತಲೆಯ ಮೇಲೆ ಕಾಗದದ ಹೂಚೂರು ಎರಚಿ, ಕೈ ಹಿಡಿದು ಕುಣಿಸಬೇಕು. ಆಗ ಮಾತ್ರ ಮುಗಿದಂತೆ. ನೀನು ಇದನ್ನು ಒಪ್ಪಿಕೊಂಡು ಈ ತನಕ ಕಪ್ಪಿನಲ್ಲೇ ಇದ್ದೀ. ಈಗ ನಾನು ಬಂದರೆ ನೀನು ಬಿಡುಗಡೆಯಾಗುತ್ತೀ, ಬಾರದಿದ್ದರೆ ಇಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು, ಆ ಲಾರಿಯವನಿಗೂ ನೀನು ಹೇಳಿರುತ್ತೀ.

ಫೋನು ಇಟ್ಟವಳು ನೇರ ಅಂಗಳಕ್ಕೆ ಹೋಗಿ ಬೇಲಿಯ ಹತ್ತಿರ ನಿಂತೆ. ಈ ಸಲ ಕಂತೂತ ತುಂಬ ಹೂ ಬಿಟ್ಟಿದೆ. ಕಲ್ಲುಗೋಡೆಯ ಉದ್ದಕ್ಕೂ ಗಿಡಗಳು ಬಗ್ಗಿವೆ, ಕೆಂಪು ನಳಿಗೆಗಳು ಗೊಂಚಲು ಗೊಂಚಲಾಗಿ ನೆಲ ನೋಡುತ್ತಾ ನೇತಾಡುತ್ತಿವೆ. ನನ್ನ ಮಗ ಎದ್ವಿನ್ ಚಿಕ್ಕವನಿದ್ದಾಗ ಒಂದೊಂದನ್ನೇ ಕಿತ್ತು, ಹಸಿರು ತೊಟ್ಟನ್ನು ಕಡಿದು ಉಗಿದು, ಬುಡದ ಸಿಹಿ ಹೀರುತ್ತಿದ್ದ. ನಾನು ಬೈಯುತ್ತಿದ್ದೆ. "ಏನೋ ಅದು, ದೇಶದ ಹೂವನ್ನ ಮೇಕೆ ಥರ ಮೇಯ್ತೀಯಲ್ಲೋ!" ಅವನು, "ದೇಶಾನೇ ಬಾಯಿಗೆ ಹಾಕ್ಕೊಂಡೋರು ಎಷ್ಟು ಜನ ಇದಾರೆ, ನಾನು ಬರೀ ಹೂ ತಾನೇ ತಿಂದೆ" ಎನ್ನುತ್ತಿದ್ದ. ಅಷ್ಟು ಚಿಕ್ಕ ಹುಡುಗ ಈ ಮಾತನ್ನು ಎಲ್ಲಿ ಕೇಳಿಸಿಕೊಂಡು ಬಂದಿದ್ದನೋ ಗೊತ್ತಿಲ್ಲ. ಅವನಪ್ಪನಿಂದಲೇ ಇರಬೇಕು.

ಈ ಹೂವು ನಮ್ಮ ಅನ್ನ, ಮಿರ್ತಾ. ಬಾವುಟದ ಮೂರು ಬಣ್ಣವೂ ಒಂದೇ ಹೂವಿನಲ್ಲಿ ಬಂದಿದೆ, ಕೆಂಪು, ಹಳದಿ, ಹಸಿರು. ಹಾಗಾಗಿ ಶಾಲೆಯ ಬಾವುಟಕ್ಕೂ ಕಂತೂತ, ಊರ ಮುಖಂಡನ ಪಟ್ಟಿಗೂ ಕಂತೂತ, ಬ್ಯಾಂಡಿನವರ ಕೋಟಿಗೂ ಕಂತೂತ. ಮದುವೆಯಾಗಿ ಬಂದ ವರ್ಷದಿಂದ ವೆಲ್ವೆಟ್ ಬಟ್ಟೆಯ ಮೇಲೆ ಜರಿ ದಾರದಲ್ಲಿ ನಾನು ಹೊಲಿದಿರುವ ಕಂತೂತಗಳನ್ನು ಗಿಡಕ್ಕೆ ಕಟ್ಟಿದರೆ ಈ ದಿಬ್ಬ ಪೂರ್ತಿ ತುಂಬುತ್ತದೆ. ಒಬ್ಬ ದಂಡಿನ ಅಧಿಕಾರಿ ಬಂದು ಒಮ್ಮೆ ನನ್ನ ಕೆಲಸ ನೋಡಿ ಮೀಸೆ ತಿರುವಿದ. "ಏನಮ್ಮಾ, ರಾಷ್ಟ್ರದ ಹೂವು ಹೀಗೆ ತಲೆ ತಗ್ಗಿಸಿಕೊಂಡಿದೆ? ಮೇಲೆ ನೋಡೋ ಹಾಗೆ ಹೊಲಿ" ಎಂದ. "ಸ್ವಾಮಿ, ಗಿಡಕ್ಕೆ ನೀವೇ ಆರ್ಡರ್ ಕೊಡಿ, ಅದು ತಲೆ ಎತ್ತಿದ ದಿನ ನಾನೂ ಎತ್ತಿ ಹೊಲೀತೀನಿ" ಎಂದೆ. ಆಮೇಲೆ ಹೊಟ್ಟೆಪಾಡು ನೋಡು, ಎತ್ತಿಯೇ ಹೊಲಿದುಕೊಟ್ಟೆ.

ಆಮೇಲೆ ಸರಕಾರದವರು ಬೆಟ್ಟದ ಹೂವೊಂದೇ ಸಾಲದು, ಬಯಲಿನ ಪತುಹುವೂ ದೇಶದ ಹೂವೇ, ಎರಡೂ ಜೊತೆಗಿರಬೇಕು ಎಂದರು. ನನಗೆ ಮೈ ಉರಿಯಿತು. ಪತುಹುವನ್ನು ನಾನು ಕಂಡವಳೇ ಅಲ್ಲ. ಸಂತೆಗೆ ಬಂದ ಒಬ್ಬ ವ್ಯಾಪಾರಿಯನ್ನು ಕೇಳಿದರೆ, "ಅಯ್ಯೋ ಅದೇನು ಕಷ್ಟ, ಗಿಳಿ ಕೊಕ್ಕಿನ ಥರ ಇರುತ್ತೆ, ಒಂದರ ಮೇಲೊಂದು" ಎಂದ. ನಾನು ಹಾಗೆಯೇ ಹೊಲಿದೆ. ನೆಟ್ಟಗೆ ನಿಂತ ಒಂದು ಕೋಲು, ಅದರ ಎರಡು ಕಡೆಗೂ ಗಿಳಿ ಕೊಕ್ಕು. ನನಗೆ ಚೆನ್ನಾಗಿಯೇ ಕಂಡಿತು. ಅದನ್ನು ಹೊತ್ತುಕೊಂಡು ಎದ್ವಿನ್ ಬಯಲಿನ ಮೊಂತೇರೋದಲ್ಲಿ ನೀನು ಪಾಠ ಮಾಡುವ ಶಾಲೆಗೆ ಇಳಿದ.

ಮಾರನೇ ದಿನ ಫೋನಿನಲ್ಲಿ ಅವನು ನಗು ತಡೆಯಲಾರದೆ ಹೇಳಿದ್ದು ನೆನಪಿದೆ. "ಅಮ್ಮಾ, ಇಲ್ಲೊಬ್ರು ಟೀಚರು ನಿನ್ನ ಬಾವುಟ ವಾಪಸ್ ಮಾಡಿದ್ರು. ಗಿಳಿಗಳನ್ನ ಕಂಬಕ್ಕೆ ಕಟ್ಟಿ ಹಾಕಿದ ಹಾಗಿದೆ, ನಮ್ಮ ಹೂವಿಗೆ ಹೀಗೆ ಶಿಕ್ಷೆ ಕೊಡೋಕೆ ನಿಮ್ಮಮ್ಮಂಗೆ ನಾವೇನು ಮಾಡಿದ್ವಿ ಅಂತ ಕೇಳಿದ್ರು." ನಾನು ನಿನ್ನನ್ನು ಏನೇನು ಬೈದೆ ಎಂದು ಈಗ ಬರೆಯುವುದಿಲ್ಲ. ಬಿಚ್ಚಿ ಮತ್ತೆ ಹೊಲಿದೆ. ಅದನ್ನೂ ನೀನು ಒಪ್ಪಲಿಲ್ಲ. "ಅದು ನೇತಾಡುತ್ತೆ, ನಿಂತ್ಕೊಳ್ಳಲ್ಲ" ಎಂದು ಹೇಳಿ ಕಳಿಸಿದೆ. ಮತ್ತೆ ಬಿಚ್ಚಿದೆ. ಒಂದೇ ಬಾವುಟ ಎಷ್ಟು ಸಲ ಬೆಟ್ಟ ಹತ್ತಿ ಬಯಲಿಗೆ ಇಳಿಯಿತೋ, ಅಷ್ಟು ಸಲವೂ ನನ್ನ ಮಗ ಹೊಸ ಅಂಗಿ ಹಾಕಿಕೊಂಡು ಹೊರಟ. ಕೊನೆಗೆ ಬಾವುಟ ನಿನ್ನ ಶಾಲೆಯಲ್ಲಿ ಉಳಿಯಿತು, ನನ್ನ ಮಗನೂ ಅಲ್ಲೇ ಉಳಿದ. ನಾನು ಹೂವನ್ನು ಮೊದಲೇ ಸರಿಯಾಗಿ ಹೊಲಿದಿದ್ದರೆ ನೀನು ನನ್ನ ಸೊಸೆಯಾಗುತ್ತಿರಲಿಲ್ಲ ಎಂದು ಆಗಾಗ ನೆನೆದು ಹಲ್ಲು ಕಡಿಯುತ್ತಿದ್ದೆ. ಈಗ ಅದನ್ನೇ ನೆನೆದು ನಗು ಬರುತ್ತದೆ.

ನೀನು ಮೊದಲ ಸಲ ಇಲ್ಲಿಗೆ ಬಂದಾಗ ಬಸ್ಸಿಳಿದವಳೇ ತಲೆ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಬೆಟ್ಟದ ತೆಳು ಗಾಳಿಯಲ್ಲಿ ಉಸಿರು ಸಿಗದೆ ತುಟಿ ನೀಲಿಯಾಗಿತ್ತು. ನಿನ್ನ ಮಾವನ ತಂಗಿ ಸತುರ್ನಿನಾ ಕೋಕಾ ಎಲೆಯ ಕಷಾಯ ತಂದುಕೊಟ್ಟು ನನ್ನ ಕಿವಿಯಲ್ಲಿ, "ಇದೇನು ಅತ್ತಿಗೆ, ಸೊಸೆ ತಂದಿದೀಯೋ, ನೀರಿಂದ ಎತ್ತಿದ ಮೀನು ತಂದಿದೀಯೋ?" ಎಂದಳು. ನೀನು ಅದನ್ನು ಕೇಳಿಸಿಕೊಂಡೆ. ಕಣ್ಣು ಮುಚ್ಚಿಕೊಂಡೇ, "ಚಿಕ್ಕತ್ತೆ, ಮೀನಾದ್ರೆ ನೀವು ಹುರಿದು ತಿಂದ್ಬಿಡ್ತಿದ್ರಿ, ಸೊಸೆ ಆದ್ದರಿಂದ ಬದುಕಿದೀನಿ" ಎಂದೆ. ಆ ದಿನ ನಿನ್ನ ಮೇಲೆ ನನಗೆ ಮೊದಲ ಸಲ ಒಂದು ಚೂರು ಪ್ರೀತಿ ಬಂತು. ತೋರಿಸಲಿಲ್ಲ, ಅಷ್ಟೆ.

ರಸ್ತೆಗಳನ್ನೆಲ್ಲ ಬಂದ್ ಮಾಡಿ ಬೆಟ್ಟದವರೂ ಬಯಲಿನವರೂ ಕಚ್ಚಾಡಿದ ವರ್ಷ ನಾನು ಇಲ್ಲಿ ಊಟ ಬಿಟ್ಟು ಕೂತಿದ್ದೆ. ನಿಮ್ಮ ಬೀದಿಯಲ್ಲಿ ಹುಡುಗರು ದೊಣ್ಣೆ ಹಿಡಿದು, ಕೋಯಾಗಳು ಊರು ಬಿಡಲಿ ಎಂದು ಕೂಗುತ್ತಾ ಬಂದರಂತೆ. ನಮ್ಮನ್ನು ಬೆಟ್ಟದ ಕೋಯಾಗಳು ಎನ್ನುವಾಗ ಅವರ ಬಾಯಲ್ಲಿ ಅದು ಬೈಗುಳವೇ. ನಾವು ಅವರನ್ನು ಕಾಂಬಾಗಳು ಎನ್ನುವಾಗ ನಮ್ಮ ಬಾಯೂ ಅಷ್ಟೇ ಕೆಟ್ಟದ್ದು, ಸುಳ್ಳೇಕೆ ಹೇಳಲಿ. ಎದ್ವಿನ್‌ನನ್ನು ಹಿಂದಿಟ್ಟುಕೊಂಡು ನೀನು ಬಾಗಿಲಿಗೆ ಅಡ್ಡ ನಿಂತೆಯಂತೆ, ಕೈಯಲ್ಲಿ ಪೊರಕೆ. "ಹೌದು, ಇವನು ಕೋಯಾನೇ. ನನ್ನ ಕೋಯಾ. ಮುಟ್ಟಿ ನೋಡಿ. ಏ ರೋಲಿ, ನೀನು ನನ್ನ ಕ್ಲಾಸಲ್ಲಿ ಮಗ್ಗಿ ಬರದೆ ಅಳ್ತಿದ್ದೋನಲ್ವಾ? ದೊಣ್ಣೆ ಕೆಳಗಿಡೋ!" ರೋಲಿ ದೊಣ್ಣೆ ಕೆಳಗಿಟ್ಟನಂತೆ. ಇದನ್ನು ಎದ್ವಿನ್ ಎಷ್ಟು ಸಲ ಹೇಳಿದನೋ. ಹೇಳುವಾಗೆಲ್ಲ ಪೊರಕೆ ಇನ್ನಷ್ಟು ಉದ್ದವಾಗುತ್ತಿತ್ತು.

ಹಾಗೆ ಜನರಿಂದ ಉಳಿಸಿಕೊಂಡವನನ್ನು ಸೊಳ್ಳೆಯಿಂದ ಉಳಿಸಿಕೊಳ್ಳಲು ನಿನ್ನಿಂದ ಆಗಲಿಲ್ಲ. ಯಾರಿಂದಲೂ ಆಗುತ್ತಿರಲಿಲ್ಲ. ಡೆಂಗಿ ಜ್ವರ ಎಂದು ನೀನು ಸೋಮವಾರ ಹೇಳಿದೆ, ಆ ವಾರ ಮುಗಿಯುವುದರೊಳಗೆ ಅವನಿರಲಿಲ್ಲ.

ಸತ್ತವರ ಕೈಗೆ ಕಂತೂತ ಇಟ್ಟು ಕಳಿಸುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದು. ಹೋಗುವ ದಾರಿ ಒಣ ದಾರಿ, ನೀರಿಲ್ಲದ್ದು. ಹೂವಿನ ಬುಡದಲ್ಲಿ ಒಂದು ಹನಿ ಸಿಹಿ ಇದೆಯಲ್ಲ, ಅದರಲ್ಲಿ ಗಂಟಲು ತೋಯಿಸಿಕೊಂಡು ಅವರು ಮುಂದೆ ನಡೆಯುತ್ತಾರೆ. ದೇಶಕ್ಕೆ ಬಾವುಟ ಬರುವ ಎಷ್ಟೋ ಮೊದಲೇ ಈ ಹೂವು ಈ ಕೆಲಸ ಮಾಡುತ್ತಿತ್ತು. ಸುದ್ದಿ ಬಂದ ಕೂಡಲೇ ನಾನು ಬೇಲಿಯ ಗಿಡವನ್ನು ಬೋಳಿಸಿದ ಹಾಗೆ ಕೊಂಬೆಗಳನ್ನು ಕಡಿದು, ಒದ್ದೆ ಬಟ್ಟೆ ಸುತ್ತಿ, ಬೆನ್ನಿಗೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಬಸ್ಸು ಬೆಟ್ಟ ಇಳಿಯುತ್ತಾ ಇಳಿಯುತ್ತಾ ಸೆಖೆ ಏರಿತು. ಗಂಟನ್ನು ಮಡಿಲಿಗೆ ಹಾಕಿಕೊಂಡು ಗಾಳಿ ಬೀಸಿದೆ. ಪಕ್ಕದಲ್ಲಿದ್ದ ಹೆಂಗಸು, "ಒಳಗೆ ಮಗು ಇದೆಯಾ?" ಎಂದು ಕೇಳಿದಳು. ಹೌದು ಎಂದೆ.

ನಿನ್ನ ಮನೆಗೆ ಬಂದು ಗಂಟು ಬಿಚ್ಚಿದರೆ ಬರೀ ಕಡ್ಡಿಗಳು. ಹೂಗಳೆಲ್ಲ ಉದುರಿ ಬಟ್ಟೆಯ ಮಡಿಕೆಯಲ್ಲಿ ಕಂದು ಬಣ್ಣದ ಹಸಿ ಕಾಗದದಂತೆ ಅಂಟಿಕೊಂಡಿದ್ದವು. ಅವನ ಕೈಯಲ್ಲಿ ನೀನು ಪತುಹು ಇಟ್ಟಿದ್ದೆ. ನಾನು ಎಲ್ಲರ ಎದುರಿಗೆ ಕೂಗಿದೆ. "ಈ ಬಾಳೆಗಿಡದ ಮೂತಿಯಿಂದ ನನ್ನ ಮಗನ ಗಂಟಲು ನೆನೆಯುತ್ತಾ? ತೆಗೀರಿ ಅದನ್ನ! ಬಾಯಾರಿ ಸಾಯ್ತಾನೆ ಅವನು!" ಸತ್ತವನು ಮತ್ತೆ ಹೇಗೆ ಸಾಯುತ್ತಾನೆ ಎಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ. ನಿನ್ನ ತಾಯಿ ನನ್ನ ತೋಳು ಹಿಡಿದು, "ಕೂತ್ಕೊಳ್ಳಿ ತಾಯಿ, ದೂರದಿಂದ ಬಂದಿದೀರಿ, ಮೊದ್ಲು ನೀವು ನೀರು ಕುಡೀರಿ" ಎಂದರು. ನೀನು ಎದ್ದು ಒಳಗೆ ಹೋದೆ. ಅಳಲು ಹೋದಳು ಎಂದುಕೊಂಡೆ.

ನೀನು ಕತ್ತರಿ ತರಲು ಹೋಗಿದ್ದೆ. ನಿಮ್ಮ ಮದುವೆಗೆ ನಾನು ಹೊಲಿದುಕೊಟ್ಟ ಮೇಜಿನ ಹಾಸು ಕೈಯಲ್ಲಿತ್ತು. ಮೂರು ತಿಂಗಳು ಕೂತು ಮಾಡಿದ ಕೆಲಸ ಅದು, ನಡುವಿನಲ್ಲಿ ಒಂದು ಕಂತೂತ ಗೊಂಚಲು. ನನ್ನ ಎದುರಿಗೇ ನೆಲದ ಮೇಲೆ ಕೂತು, ಅದಕ್ಕೆ ಕತ್ತರಿ ಹಾಕಿ, ಗೊಂಚಲನ್ನು ಸುತ್ತಲೂ ಕತ್ತರಿಸಿ ತೆಗೆದೆ. ನನ್ನ ಕರುಳಿಗೇ ಕತ್ತರಿ ಬಿದ್ದಂತಾಯಿತು. "ನೀವೇ ಹೊಲಿದಿದ್ದು ಅತ್ತೆ. ಇದು ಉದುರಲ್ಲ. ಯಾವ ಕೈಗೆ ಇಡ್ಲಿ ಹೇಳಿ" ಎಂದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಾನು ಬಲಗೈ ಎಂದೆ. ಎಡಗೈಯಲ್ಲಿ ಪತುಹು ಹಾಗೆಯೇ ಉಳಿಯಿತು. ಅದನ್ನು ತೆಗೆಸಬೇಕೆಂದು ನನಗೆ ಮತ್ತೆ ಅನ್ನಿಸಲಿಲ್ಲ.

ಮೊದಲ ವರ್ಷದ ಹಬ್ಬಕ್ಕೆ ನೀನು ಆ ತೂತಿನ ಹಾಸನ್ನೇ ತಂದು ಇಲ್ಲಿ ಮೇಜಿಗೆ ಹಾಸಿದೆ. ತೇಪೆ ಹಾಕಿಕೊಡಲೇ ಎಂದು ನಾನು ಕೇಳಿದೆ. ಬೇಡ ಎಂದೆ ನೀನು. ಮಗುವಿನ ಆಕಾರದ ರೊಟ್ಟಿ, ಏಣಿಯ ಆಕಾರದ ರೊಟ್ಟಿ, ಕಬ್ಬು, ಈರುಳ್ಳಿ ದಂಟು, ಅವನಿಗಿಷ್ಟವಾದ ಒಣ ಆಲೂಗಡ್ಡೆಯ ಸಾರು, ಎಲ್ಲ ನಾನಿಟ್ಟೆ. ನೀನು ಬಾಳೆಕಾಯಿ ಕುಟ್ಟಿ ಮಾಡಿದ ಮಸಾಕೋ ಇಟ್ಟೆ. ನಡುಹಗಲು, ಸತ್ತವರು ಉಣ್ಣಲು ಮನೆಗೆ ಬರುವ ಹೊತ್ತು, ಅವನು ಬಂದ ಎಂದು ಎಲ್ಲರೂ ಎದ್ದು ನಿಂತಾಗ, ಎಲ್ಲಿಂದಲೋ ಒಂದು ನೊಣ ಬಂದು ನನ್ನ ಸಾರಿನ ಬಟ್ಟಲು ದಾಟಿ ನಿನ್ನ ಮಸಾಕೋ ಮೇಲೆ ಕೂತಿತು. ಸತುರ್ನಿನಾ, "ನೋಡಿದ್ಯಾ ಅತ್ತಿಗೆ, ಸತ್ತ ಮೇಲೂ ಹೆಂಡತಿ ಕಡೆಗೇ" ಎಂದಳು. ಈ ಮನೆಯಲ್ಲಿ ಅವನು ಹೋದ ಮೇಲೆ ಮೊದಲ ಸಲ ನಾವಿಬ್ಬರೂ ನಕ್ಕಿದ್ದು ಆಗಲೇ.

ಎರಡನೇ ವರ್ಷ ನಡೆದದ್ದನ್ನು ನಿನಗೆ ಹೇಳಿಲ್ಲ. ನೀನು ಹೊರಗೆ ಪಾತ್ರೆ ತೊಳೆಯುತ್ತಿದ್ದೆ. ನಾಯ್ರಾ ನನ್ನ ಗೋಡೆಯ ಮೇಲಿನ ನಿಮ್ಮ ಮದುವೆ ಫೋಟೋ ಮುಂದೆ ನಿಂತಿದ್ದಳು. ನೀನು ಅದರಲ್ಲಿ ಕೆಂಪು ಅಂಗಿ ತೊಟ್ಟು ಹಲ್ಲು ಕಾಣುವಂತೆ ನಗುತ್ತಿದ್ದೀ. "ಅಜ್ಜಿ, ಅಪ್ಪನ ಪಕ್ಕ ಇರೋದು ಯಾರು?" ಎಂದಳು. ನಾನು ಅಮ್ಮ ಕಣೇ ಎಂದೆ. ಅವಳು ಫೋಟೋ ನೋಡಿದಳು, ಬಾಗಿಲಾಚೆ ನಿನ್ನನ್ನು ನೋಡಿದಳು. "ಅಲ್ಲ, ಇವರು ಬೇರೆ" ಎಂದಳು. ನಾನು ಬೇಗ ಅವಳ ಕೈಗೆ ರೊಟ್ಟಿ ಕೊಟ್ಟು ಮಾತು ಮರೆಸಿದೆ.

ಈಗ ಈ ವಾರದ ಕಥೆ. ಭಾನುವಾರ ಫೋನಿಟ್ಟ ಮೇಲೆ ಸತುರ್ನಿನಾ ವಿಷಯ ಕೇಳಿ ಓಡಿ ಬಂದಳು. ಅವಳಿಗೆ ಬೆಂಕಿ ಇದ್ದಲ್ಲಿ ಗಾಳಿ ಹಾಕುವುದೆಂದರೆ ಬಲು ಇಷ್ಟ. "ಬಿಡು ಅತ್ತಿಗೆ, ಲಾರಿ ಹತ್ತಿ ಹೋದ್ಮೇಲೆ ಅವಳ್ಯಾರೋ ನೀನ್ಯಾರೋ. ಮಗೂನೂ ಅವನನ್ನೇ ಅಪ್ಪ ಅನ್ನುತ್ತೆ. ಬರಲ್ಲ ಅಂದ್ಬಿಡು. ಬೇಯ್ಲಿ ಕಪ್ಪಲ್ಲಿ" ಎಂದಳು. ನಾನು ಹೂಂ ಎನ್ನಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, "ಬೇಯ್ಲಿ ಅಂತೀಯಲ್ಲೇ, ಆ ಸೆಖೆ ನೀನು ಕಂಡಿದೀಯಾ? ಬೆಳಿಗ್ಗೆ ಎಂಟಕ್ಕೇ ಬೆನ್ನು ನೆನೆದು ಹೋಗುತ್ತೆ ಅಲ್ಲಿ. ಅವಳು ಆ ಬಟ್ಟೆಯಲ್ಲೇ ನಿಂತು ದಿನವೆಲ್ಲ ಪಾಠ ಮಾಡ್ತಾಳೆ." ಸತುರ್ನಿನಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆತ್ತಗೆ, "ಹಾಗಾದ್ರೆ ನಿನ್ನ ಕಪ್ಪಾದ್ರೂ ನಾನು ತೆಗೀತೀನಿ ಬಾ, ಹಬ್ಬಕ್ಕೆ" ಎಂದಳು. ಹೋದ ವರ್ಷವೂ ಕೇಳಿದ್ದಳು. "ಮಗ ಹೋಗಿರೋದು ನಂಗೆ, ನಿಂಗಲ್ಲ" ಎಂದು ಆಗ ಗದರಿಸಿ ಕಳಿಸಿದ್ದೆ. ಈ ಸಲವೂ ಬೇಡ ಎಂದೆ. ನನ್ನ ಕಪ್ಪು ನನ್ನ ಜೊತೆಗೇ ಮಣ್ಣಿಗೆ ಹೋಗಲಿ ಎಂದು ನಾನು ಅಂದುಕೊಂಡಾಗಿತ್ತು.

ಅವಳು ಹೋದ ಮೇಲೆ ಕೆಲಸಕ್ಕೆ ಕೂತೆ. ಒಂದು ಶಾಲೆಯ ಬಾವುಟ, ಎರಡೂ ಹೂ ಬೇಕೆಂದು ಕೇಳಿದ್ದರು. ಸಿಟ್ಟಿನಲ್ಲಿ ಕಂತೂತವನ್ನು ಮಾತ್ರ ಹೊಲಿದೆ. ಎಲ್ಲಿಲ್ಲದ ಹಟ ಹಿಡಿದು, ಇದ್ದಬದ್ದ ಜರಿಯನ್ನೆಲ್ಲ ಅದಕ್ಕೇ ಹಾಕಿದೆ. ಪತುಹುವಿನ ಜಾಗವನ್ನು ಖಾಲಿ ಬಿಟ್ಟು, ಕೇಳಿದರೆ ದಾರ ಮುಗಿಯಿತು ಎನ್ನೋಣ ಎಂದುಕೊಂಡೆ. ಬುಧವಾರ ಕೋಲಿಗೆ ಕಟ್ಟಿ ನೇತುಹಾಕಿ ನೋಡಿದರೆ ಬಾವುಟ ಒಂದು ಕಡೆಗೆ ವಾಲಿದೆ. ಬಿಗಿಯಾಗಿ ಕಟ್ಟಿದೆ, ಮತ್ತೆ ವಾಲಿತು. ಖಾಲಿ ಕಡೆಯ ಬಟ್ಟೆ ಸುಕ್ಕುಗಟ್ಟಿ ಮೇಲೆದ್ದಿತು. ಇದರಲ್ಲಿ ದೊಡ್ಡ ತತ್ವವೇನಿಲ್ಲ ಮಿರ್ತಾ, ಜರಿ ದಾರದ ತೂಕ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಅದು ಮೊದಲೇ ಹೊಳೆಯಬೇಕಾಗಿತ್ತು. ಗುರುವಾರ ಪತುಹು ಹೊಲಿಯಲು ಕೂತೆ. ನೋಡದೆಯೇ ಕೈ ಹೊಲಿಯುತ್ತಿತ್ತು. ಮೊದಲ ಕೊಕ್ಕು ಎಡಕ್ಕೆ, ಮುಂದಿನದು ಬಲಕ್ಕೆ, ಕೆಳಕೆಳಗೆ ಹೋದಂತೆ ಚಿಕ್ಕದು, ಕೆಂಪಿನ ಅಂಚಿಗೆ ಹಳದಿ, ತುದಿಗೆ ಹಸಿರು. ಇದನ್ನೆಲ್ಲ ನನಗೆ ಕಲಿಸಿದವಳು ನೀನು. ನನ್ನ ಪಕ್ಕದಲ್ಲಿ ಕೂತು, "ಇಲ್ಲಿ ಇನ್ನೂ ಸ್ವಲ್ಪ ಬಗ್ಗಲಿ ಅತ್ತೆ" ಎನ್ನುತ್ತಿದ್ದೆಯಲ್ಲ, ಅದೇ ದನಿ ಕೇಳಿದಂತಾಯಿತು. ಹೊಲಿಯುತ್ತಾ ಅತ್ತೆ. ಕಣ್ಣೀರು ವೆಲ್ವೆಟ್ ಮೇಲೆ ಬಿದ್ದರೆ ಕಲೆಯಾಗುತ್ತದೆ, ಹಾಗಾಗಿ ಮುಖ ಆಚೆ ತಿರುಗಿಸಿಕೊಂಡು ಅತ್ತೆ.

ನನ್ನ ಭಯ ಏನೆಂದು ಬಿಚ್ಚಿ ಹೇಳಿಬಿಡುತ್ತೇನೆ. ಮೂರನೇ ವರ್ಷ ಅವನು ಕೊನೆಯ ಸಲ ಬರುವುದು. ಆಮೇಲೆ ನಾವು ಎಷ್ಟು ಮೇಜು ಹಾಕಿದರೂ ಬರುವುದಿಲ್ಲ. ಆ ಕೊನೆಯ ಮೇಜು ನಿನ್ನ ಮನೆಯಲ್ಲಾದರೆ ಅವನು ಈ ದಿಬ್ಬ ಹತ್ತಿ ನನಗೆ ಹೋಗಿಬರುತ್ತೇನೆ ಎಂದು ಹೇಳದೆಯೇ ಹೊರಟುಹೋಗುತ್ತಾನೆ ಎಂದು ಹೆದರಿದೆ. ಅವನ ಹಿಂದೆ ನೀನು ಹೋಗುತ್ತೀ, ನಿನ್ನ ಹಿಂದೆ ನಾಯ್ರಾ. ಬೇಲಿಯ ಹತ್ತಿರ ನಾನೊಬ್ಬಳೇ ಉಳಿಯುತ್ತೇನೆ. ಫೋನು ಇಟ್ಟದ್ದು ಲಾರಿಯವನ ಮೇಲಿನ ಸಿಟ್ಟಿಗಲ್ಲ, ಈ ಹೆದರಿಕೆಗೆ. ನಾನು ಬರುವುದಿಲ್ಲ ಎಂದರೆ ನೀನು ಮದುವೆಯಾಗುವುದಿಲ್ಲ, ನನಗೆ ಗೊತ್ತು. ಮಾತು ಕೊಟ್ಟರೆ ತಪ್ಪದವಳು ನೀನು. ಹಾಗೆ ಹಿಡಿದಿಟ್ಟುಕೊಂಡರೆ ನನ್ನ ಬಳಿ ಏನು ಉಳಿಯುತ್ತದೆ? ತನ್ನ ಮಗಳಿಗೇ ಗುರುತು ಸಿಗದ ಒಬ್ಬ ಹೆಂಗಸು. ಅದು ನನಗೆ ಬೇಡ. ಎದ್ವಿನ್‌ಗಂತೂ ಖಂಡಿತ ಬೇಡವಾಗಿತ್ತು.

ಹಾಗಾಗಿ ಬರುತ್ತೇನೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾಯ್ರಾಳನ್ನು ಕರೆದುಕೊಂಡು ಬಾ. ಮೇಜು ನಿನ್ನ ಮನೆಯಲ್ಲೇ ಆಗಲಿ. ಅವನಿಗೆ ದಾರಿ ಗೊತ್ತು. ಅಷ್ಟು ಸಲ ಬೆಟ್ಟ ಹತ್ತಿ ಇಳಿದವನು, ನಾನೆಲ್ಲಿದ್ದೇನೆ ಎಂದು ಹುಡುಕಿಕೊಂಡು ಬರುತ್ತಾನೆ. ರೊಟ್ಟಿಗಳನ್ನು ನಾನು ಇಲ್ಲೇ ಸುಟ್ಟು ತರುತ್ತೇನೆ, ನಿಮ್ಮಲ್ಲಿಯ ಬೇಕರಿಯವನಿಗೆ ಅದರ ಮುಖ ಬಿಡಿಸಲು ಬರುವುದಿಲ್ಲ. ಕಂತೂತ ತರುವುದಿಲ್ಲ, ದಾರಿಯಲ್ಲಿ ಉದುರುತ್ತದೆ. ನಿಮ್ಮ ಹಿತ್ತಲಿನ ಪತುಹುವನ್ನೇ ಇಡು. ಅದರ ಬುಡದಲ್ಲೂ ಸಿಹಿ ಇದೆ, ಪುಟ್ಟ ಹಕ್ಕಿಗಳು ಕೊಕ್ಕು ಹಾಕಿ ಹೀರುವುದನ್ನು ನಾನೇ ನೋಡಿದ್ದೇನೆ. ಅಷ್ಟು ಸಾಕು ಅವನಿಗೆ. ಮಸಾಕೋ ಮಾಡುವುದನ್ನು ಮರೆಯಬೇಡ.

ಆ ಅರ್ನಾಲ್ದೋನನ್ನೂ ಕರೆ. ಬಾಗಿಲ ಹೊರಗೆ ನಿಂತು ಸಂಕೋಚ ಪಡುವುದೇನೂ ಬೇಡ, ಒಳಗೆ ಬಂದು ಎದ್ವಿನ್‌ನ ಮೇಜಿಗೆ ಕೈ ಮುಗಿಯಲಿ, ಒಂದು ಲೋಟ ಕುಡಿಯಲಿ. ನಾಯ್ರಾ ಅವನನ್ನು ಅಪ್ಪ ಎಂದು ಕರೆಯುವ ದಿನ ಬಂದರೆ ಕರೆಯಲಿ. ಮಕ್ಕಳಿಗೆ ಹಾಗೆ ಕರೆಯಲು ಒಬ್ಬರು ಬೇಕು. ರಜೆಯಲ್ಲಿ ಮಾತ್ರ ಅವಳನ್ನು ನನ್ನ ಹತ್ತಿರ ಕಳಿಸು. ಅವನಿಗೆ ಕುಣಿಯಲು ಬರುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೋ. ಬಾರದಿದ್ದರೆ ಇನ್ನೂ ಸಮಯವಿದೆ, ಕಲಿಯಲಿ. ನಿನ್ನ ಕಪ್ಪು ತೆಗೆದ ಮೇಲೆ ಮೊದಲು ನನ್ನ ಜೊತೆ ಕುಣಿಯಬೇಕು, ಆಮೇಲೆ ಅವನ ಜೊತೆ.

ನಿನಗೆ ತೊಡಿಸಲು ಒಂದು ಅಂಗಿ ಹೊಲಿಯುತ್ತಿದ್ದೇನೆ. ಬಣ್ಣ ಯಾವುದೆಂದು ಹೇಳುವುದಿಲ್ಲ. ಕಸೂತಿ ಕಡಿಮೆ ಹಾಕಿದ್ದೇನೆ, ಆ ಸೆಖೆಗೆ ಹಗುರ ಇರಲಿ ಎಂದು.

ಇನ್ನು ಒಂದೇ ಮಾತು. ಇದನ್ನು ಬರೆಯಲು ಬೆಳಿಗ್ಗೆಯಿಂದ ಸುತ್ತಿ ಬಳಸುತ್ತಿದ್ದೇನೆ. ಅವತ್ತು ನಿನ್ನದು ತೆಗೆದ ಮೇಲೆ ನೀನು ನನ್ನದನ್ನೂ ತೆಗೆಯಬೇಕು. ಸತುರ್ನಿನಾ ಬೇಡ, ಬೇರೆ ಯಾರೂ ಬೇಡ. ನನಗೆ ತೊಡಿಸುವ ಬಣ್ಣವನ್ನು ನೀನೇ ಆರಿಸಿ ತಂದಿಟ್ಟಿರು. ನಾಳೆ ನೀನು ಇನ್ನೊಂದು ಮನೆಯ ಸೊಸೆಯಾಗುತ್ತೀ, ಇದನ್ನು ನಿನ್ನ ಹತ್ತಿರ ಕೇಳುವ ಹಕ್ಕು ಅತ್ತೆಗೆ ಇರುವುದಿಲ್ಲ. ನಾನು ಅತ್ತೆಯಾಗಿ ಕೇಳುತ್ತಿಲ್ಲ. ನಮ್ಮಲ್ಲಿ ತಾಯಿಯ ಕಪ್ಪು ತೆಗೆದು ಹೊಸ ಬಟ್ಟೆ ತೊಡಿಸುವುದು ಮಗಳ ಕೆಲಸ.

ನಿನ್ನ ಹೊಟ್ಟೆ ತಣ್ಣಗಿರಲಿ.

ಬೆನಿತಾ